ನಿನ್ನೆ ಏನು ಉಂಡಿರಿ?

ನಮ್ಮ ಕಡೆ ಇಬ್ಬರು ಎದುರಾದರೆ ಮೊದಲು ಬರುವ ಮಾತು ಊಟದ್ದೇ. ಧಾರವಾಡದ ಕಡೆಯಾದರೆ 'ಊಟ ಆತೇನ್ರಿ?', ಮೈಸೂರಿನ ಕಡೆಯಾದರೆ 'ಊಟ ಆಯ್ತಾ?'. ನಾನು ಪುಣೆಗೆ ಬಂದು ಒಂಬತ್ತು ವರ್ಷವಾಯಿತು, ಅವ್ವನ ಫೋನು ಈಗಲೂ ಶುರುವಾಗುವುದು ಹಾಗೆಯೇ. ಈ ಪ್ರಶ್ನೆಗೆ ಉತ್ತರ ಒಂದೇ: ಆಯ್ತು. ಮಧ್ಯಾಹ್ನ ಮೂರಾದರೂ ಮೀಟಿಂಗಿನಲ್ಲಿ ಕೂತು ಹಸಿದಿದ್ದಾಗಲೂ ನಾನು 'ಆತವಾ' ಅಂದಿದ್ದೇನೆ. ಅದನ್ನು ಸುಳ್ಳು ಅಂತ ನಾನೂ ಅಂದುಕೊಂಡಿಲ್ಲ, ಅವ್ವನೂ ಅಂದುಕೊಂಡಿಲ್ಲ. ಅಲ್ಲಿ ಯಾರೂ ಊಟದ ಲೆಕ್ಕ ಕೇಳುತ್ತಿರುವುದಿಲ್ಲ.

ಎರಡು ವರ್ಷದ ಹಿಂದೆ ಕೆಲವು ತಿಂಗಳು ನಾನು ಇದೇ ಪ್ರಶ್ನೆಯನ್ನು ಸಂಬಳ ತೆಗೆದುಕೊಂಡು ಕೇಳಿದೆ. ಕಡಿಮೆ ಆದಾಯದ ಕುಟುಂಬಗಳು ಏನು ತಿನ್ನುತ್ತವೆ ಎಂಬ ಒಂದು ಸಂಶೋಧನೆ. ಪುಣೆಯ ಪಶ್ಚಿಮಕ್ಕೆ ಏಳುತ್ತಿರುವ ದೊಡ್ಡ ಕಟ್ಟಡಗಳ ಹಿಂದೆ ತಗಡಿನ ಶೆಡ್ಡುಗಳ ಸಾಲು ಇರುತ್ತದಲ್ಲ, ನಮ್ಮ ಮಾದರಿಯ ಒಂದು ಭಾಗ ಅಲ್ಲಿತ್ತು. ಅಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿಯ ಕಡೆಯಿಂದ ಬಂದವರು ಬಹಳ. ನನ್ನನ್ನು ತೆಗೆದುಕೊಂಡದ್ದೇ ಕನ್ನಡ ಬರುತ್ತದೆ ಎಂದು. ತರಬೇತಿಯಲ್ಲಿ ನಮ್ಮ ಮೇಲಿನವರೊಬ್ಬರು ಮೆಚ್ಚುಗೆಯಿಂದಲೇ ಹೇಳಿದ್ದರು: ತಮ್ಮ ಭಾಷೆ ಕೇಳಿದರೆ ಅವರು ಬಾಗಿಲು ತೆಗೆಯುತ್ತಾರೆ. ಆ ಮಾತು ಆಗ ನನಗೂ ಹೆಮ್ಮೆ ಎನಿಸಿತ್ತು. ಪರ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ನಾವೆಲ್ಲ ತಿರುಗಿ ನೋಡುತ್ತೇವೆ, ಬಸ್ಸಿನಲ್ಲಾದರೂ ಸರಿ, ಲಿಫ್ಟಿನಲ್ಲಾದರೂ ಸರಿ. ಆ ತಿರುಗಿ ನೋಡುವುದನ್ನು ಒಂದು ಸಲಕರಣೆಯಾಗಿ ಬಳಸುತ್ತಿದ್ದೇವೆ ಎಂಬುದು ಆಗ ಹೊಳೆದಿರಲಿಲ್ಲ.

ಕೆಲಸ ಹೀಗಿತ್ತು. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಇವತ್ತು ಬೆಳಿಗ್ಗೆ ಏಳುವ ತನಕ, ಅಂದರೆ ಇಪ್ಪತ್ತನಾಲ್ಕು ಗಂಟೆಯಲ್ಲಿ, ಬಾಯಿಗೆ ಹೋದದ್ದೆಲ್ಲವನ್ನೂ ನೆನಪಿಸಬೇಕು. ಮೊದಲು ಅಡ್ಡ ಬರದೆ ಹೇಳಲು ಬಿಡಬೇಕು. ಆಮೇಲೆ ಮರೆತದ್ದನ್ನು ಹೆಕ್ಕಬೇಕು: ಚಹಾ ಕುಡಿದಿರಾ, ಬಿಸ್ಕೀಟು, ಬೆಲ್ಲ, ಮಗುವಿನ ತಾಟಿನಲ್ಲಿ ಉಳಿದದ್ದು? ಆಮೇಲೆ ಅಳತೆಯ ಬಟ್ಟಲುಗಳನ್ನು ಸಾಲಾಗಿ ಇಟ್ಟು, ಸಾರು ಯಾವುದರಷ್ಟು, ಅನ್ನ ಯಾವುದರಷ್ಟು ಎಂದು ತೋರಿಸಲು ಹೇಳಬೇಕು. ಕೊನೆಗೆ ಇನ್ನೊಮ್ಮೆ: 'ಮತ್ತೇನಾದರೂ?' ಒಂದೇ ಮನೆಗೆ ಎರಡು ಸಲ ಹೋಗಬೇಕು, ನಡುವೆ ಕೆಲವು ದಿನ ಬಿಟ್ಟು. ಒಂದು ದಿನದ ಊಟ ನೋಡಿ ಮನೆಯನ್ನು ಅಳೆಯಬಾರದು ಎಂಬ ನ್ಯಾಯ ಅದರಲ್ಲಿದೆ.

ನಾನು ಹೇಳಬೇಕಾದ ಮನೆಯಲ್ಲಿ ಐದು ಜನ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಗಂಡನ ತಮ್ಮ. ಇಂಡಿ ತಾಲ್ಲೂಕಿನ ಕಡೆಯವರು. ಆಕೆಗೆ ನನಗಿಂತ ಎರಡು-ಮೂರು ವರ್ಷ ಕಡಿಮೆ ಇದ್ದೀತು, ನನ್ನನ್ನು 'ಅಕ್ಕಾರ' ಎಂದಳು. ಒಪ್ಪಿಗೆಯ ಹಾಳೆ ಓದಿ ಹೇಳಿದೆ: ಯಾವ ಪ್ರಶ್ನೆಗಾದರೂ ಉತ್ತರ ಕೊಡದೆ ಇರಬಹುದು, ಯಾವಾಗ ಬೇಕಾದರೂ ನಿಲ್ಲಿಸಬಹುದು. ನಮ್ಮನ್ನು ಕರೆತಂದ ಮುಕಾದಮ ಬಾಗಿಲಲ್ಲೇ ನಿಂತಿದ್ದ. ಆಕೆ ಹೆಬ್ಬೆಟ್ಟು ಒತ್ತಿದಳು.

ಮೊದಲ ಪ್ರಶ್ನೆಯೇ ತೊಡಕಿನದು. ನಮ್ಮ ದೇಶದ ರಾಷ್ಟ್ರೀಯ ಮಾದರಿ ಸಮೀಕ್ಷೆಗಳಲ್ಲಿ ಕುಟುಂಬ ಎಂದರೆ ರಕ್ತಸಂಬಂಧ ಅಲ್ಲ. ಸಾಮಾನ್ಯವಾಗಿ ಜೊತೆಗಿದ್ದು ಒಂದೇ ಅಡುಗೆಮನೆಯಿಂದ ಉಣ್ಣುವವರು ಒಂದು ಕುಟುಂಬ. ನಮ್ಮ ಫಾರ್ಮಿನಲ್ಲೂ ಅದೇ ಇತ್ತು. ಬಲು ಒಳ್ಳೆಯ ವ್ಯಾಖ್ಯೆ ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ 'ಈ ಒಲೆ ಮ್ಯಾಲ ಎಷ್ಟ್ ಮಂದಿ ಉಣ್ತೀರಿ?' ಎಂದು ಕೇಳಿದರೆ ಆಕೆ ಆರು ಅಂದಳು. ಆರನೆಯವಳು ಊರಲ್ಲಿರುವ ಅತ್ತೆ. ಅತ್ತೆ ಅಲ್ಲಿ ರೇಷನ್ ಅಕ್ಕಿ ಉಂಡುಕೊಂಡು, ಇಲ್ಲಿಗೆ ಯಾರಾದರೂ ಬರುವಾಗ ಜೋಳದ ಹಿಟ್ಟು ಕಟ್ಟಿ ಕಳಿಸುತ್ತಾಳೆ. ಹಿಟ್ಟು ಆಕೆಯದು ಎಂದ ಮೇಲೆ ಆಕೆಯನ್ನು ಬಿಟ್ಟು ಎಣಿಸುವುದು ಹೇಗೆ? ನಾನು ಐದು ಎಂದೇ ಬರೆದುಕೊಂಡೆ.

ಅಂದು ಗುರುವಾರ. ಬುಧವಾರದ ಊಟ ಕೇಳಬೇಕಿತ್ತು. ಬೆಳಿಗ್ಗೆ ಹಾಲಿಲ್ಲದ ಚಹಾ, ಹಿಂದಿನ ದಿನದ ರೊಟ್ಟಿ. ಮಧ್ಯಾಹ್ನ ಕೆಲಸದ ಜಾಗದಲ್ಲಿ ರೊಟ್ಟಿ, ಖಾರದ ಪುಡಿಗೆ ಎಣ್ಣೆ. ರಾತ್ರಿ?

'ರಾತ್ರಿ ಒಪ್ಪತ್ತ ಇತ್ರಿ,' ಅಂದಳು.

ಒಪ್ಪತ್ತು ಗೊತ್ತಲ್ಲ, ದಿನಕ್ಕೆ ಒಂದೇ ಹೊತ್ತು ಉಣ್ಣುವ ವ್ರತ. ನಮ್ಮ ಅಜ್ಜಿ ಸೋಮವಾರ ಮಾಡುತ್ತಿದ್ದಳು, ಕೆಲವರು ಶನಿವಾರ ಮಾಡುತ್ತಾರೆ. ತರಬೇತಿಯಲ್ಲಿ ಹೇಳಿದ್ದರು, ಉತ್ತರ ಖಾಲಿ ಬಂದಲ್ಲಿ ಕೆದಕಬೇಕು ಎಂದು. ನಾನು ಕೆದಕಿದೆ. 'ಬುಧವಾರ ಯಾವ ದೇವರ್ದ್ರಿ ಒಪ್ಪತ್ತು?'

ಆಕೆ ನನ್ನ ಮುಖ ನೋಡಿದಳು. ಮುಕಾದಮನ ಕಡೆ ಒಮ್ಮೆ ನೋಡಿದಳು. 'ನಮ್ಮನಿ ದೇವರ್ದ್ರಿ,' ಅಂದು ಮಗುವಿನ ಮೂಗು ಒರೆಸತೊಡಗಿದಳು. ಅಲ್ಲಿಂದ ಮುಂದಕ್ಕೆ ನನ್ನ ಪ್ರಶ್ನೆಗಳಿಗೆ ಒಂದೊಂದೇ ಮಾತಿನ ಉತ್ತರ.

ಅಷ್ಟೇ ಆದದ್ದು. ಯಾರಿಗಾದರೂ ಹೇಳಿದರೆ ಇದರಲ್ಲೇನಿದೆ ಅನ್ನುತ್ತಾರೆ. ಆದರೆ ನನ್ನ ಸ್ವಂತ ಭಾಷೆಯಲ್ಲಿ, ನನ್ನ ಅಜ್ಜಿಯ ಶಬ್ದವನ್ನೇ ಹಿಡಿದು, ಒಬ್ಬಳನ್ನು ಎಲ್ಲರೆದುರು ಸಿಕ್ಕಿಸಿದ್ದೆ. ಮರಾಠಿಯ ಸಹೋದ್ಯೋಗಿಯಾಗಿದ್ದರೆ 'ಉಪವಾಸ' ಎಂದು ಬರೆದುಕೊಂಡು ಮುಂದೆ ಹೋಗುತ್ತಿದ್ದಳು. ಬುಧವಾರ ಒಪ್ಪತ್ತು ಅಪರೂಪ ಎಂಬುದು ನನಗೆ ಗೊತ್ತಿದ್ದರಿಂದಲೇ ನನ್ನ ಪ್ರಶ್ನೆಗೆ ಮೊನೆ ಬಂತು.

ಹಸಿವಿಗೂ ಉಪವಾಸಕ್ಕೂ ಹೊಟ್ಟೆಯ ಮಟ್ಟಿಗೆ ಭೇದವಿಲ್ಲ. ಭೇದ ಇರುವುದು ಉಣ್ಣಬಹುದಾಗಿಯೂ ಬಿಟ್ಟಿರಾ, ಉಣ್ಣಲು ಇಲ್ಲದೆ ಬಿಟ್ಟಿರಾ ಎಂಬುದರಲ್ಲಿ. ಅಮರ್ತ್ಯ ಸೇನ್ ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಎತ್ತುವ ಉದಾಹರಣೆ ಇದು. ಬಡತನ ಎಂದರೆ ಒಳಗೆ ಹೋದ ಕ್ಯಾಲೊರಿ ಅಲ್ಲ, ಆಯ್ಕೆ ಎಷ್ಟಿತ್ತು ಎಂಬುದು ಎಂದು ಅವರು ತೋರಿಸಲು ಹೊರಟದ್ದು. ಕಾಲೇಜಿನಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆ ತಗಡಿನ ಕೆಳಗೆ ಕುಳಿತ ಹೆಣ್ಣುಮಗಳಿಗೂ ಆ ಭೇದ ಚೆನ್ನಾಗಿ ಗೊತ್ತಿತ್ತು ಎಂಬುದು ಪುಸ್ತಕದಲ್ಲಿ ಇರಲಿಲ್ಲ. ಇಲ್ಲದ ಊಟವನ್ನು ಆಕೆ ಬಿಟ್ಟ ಊಟ ಮಾಡಿಕೊಂಡಿದ್ದಳು.

ನಮ್ಮ ವಿದ್ಯೆಯಲ್ಲಿ ಇಂಥದನ್ನು ದೋಷ ಎನ್ನುತ್ತಾರೆ. ಎದುರಿನವರ ಕಣ್ಣಿಗೆ ಚೆನ್ನಾಗಿ ಕಾಣಲು ಜನ ಉತ್ತರ ತಿದ್ದುತ್ತಾರೆ, ಆದ್ದರಿಂದ ಅದನ್ನು ಗಮನಿಸಿ ಸರಿಪಡಿಸಬೇಕು. ಇರಲಿ. ನನ್ನ ಪ್ರಶ್ನೆ ಬೇರೆ. ಅದು ಸುಳ್ಳೇ? ಸುಳ್ಳು ಎನ್ನಬೇಕಾದರೆ ಆಕೆ ನನಗೆ ನಿಜ ಹೇಳುವ ಋಣದಲ್ಲಿರಬೇಕು. ಯಾವ ಋಣ? ಉತ್ತರ ಕೊಡದಿರುವ ಹಕ್ಕು ನಿಮಗಿದೆ ಎಂದು ನಾನೇ ಓದಿ ಹೇಳಿದ್ದೆ. ಆದರೆ ಆ ಹಕ್ಕನ್ನು ಆಕೆ ಬಳಸುವುದು ಹೇಗೆ? 'ರಾತ್ರಿ ಊಟದ ಬಗ್ಗೆ ಹೇಳುವುದಿಲ್ಲ' ಎಂದರೆ ಅದೇ ಎಲ್ಲವನ್ನೂ ಹೇಳಿದಂತೆ. ಉಂಡವರು ಯಾರೂ ಹಾಗೆ ಹೇಳುವುದಿಲ್ಲ. ಅಂದರೆ ನಾವು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಟ್ಟ ರಕ್ಷಣೆ ನಿಜವಾಗಿ ಅಗತ್ಯವಿದ್ದ ಒಂದೇ ಒಂದು ಕಡೆ ಕೆಲಸಕ್ಕೆ ಬರುತ್ತಿರಲಿಲ್ಲ. ಮಾನ ಉಳಿಸಿಕೊಳ್ಳಲು ಆಕೆಯ ಬಳಿ ಇದ್ದದ್ದು ಒಪ್ಪತ್ತು ಎಂಬ ಒಂದು ಶಬ್ದ.

ಬಡವರ ತಾಟಿನೊಳಗೆ ಇಣುಕುವುದು ಹೊಸದಲ್ಲ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಶುರುವಾದದ್ದು 1918ರಲ್ಲಿ, ನೀಲಗಿರಿಯ ಕೂನೂರಿನಲ್ಲಿ, ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಎಂಬ ಬ್ರಿಟಿಷ್ ವೈದ್ಯರ ಕೈಯಲ್ಲಿ. ಹೈದರಾಬಾದಿಗೆ ಬಂದದ್ದು 1958ರಲ್ಲಿ. ಮ್ಯಾಕ್‌ಕ್ಯಾರಿಸನ್ ಭಾರತದ ಬೇರೆ ಬೇರೆ ಜನರ ಊಟವನ್ನು ಇಲಿಗಳಿಗೆ ತಿನ್ನಿಸಿ ನೋಡಿದರು. ಸಿಖ್ಖರ ಊಟ ತಿಂದ ಇಲಿಗಳು ದಷ್ಟಪುಷ್ಟವಾದವು, ಮದ್ರಾಸಿನವರ ಅನ್ನದ ಊಟ ತಿಂದವು ಸೊರಗಿದವು. ಅದರಿಂದ ಕಲಿತದ್ದು ಬಹಳವಿದೆ, ತಮಾಷೆ ಮಾಡುತ್ತಿಲ್ಲ. ಆದರೆ ಇಲಿಗೆ ಮಾನದ ಭಯವಿಲ್ಲವಾದ್ದರಿಂದ ಆ ಪ್ರಯೋಗ ನಮ್ಮದಕ್ಕಿಂತ ಸುಲಭವಿತ್ತು.

ಇಂಗ್ಲೆಂಡಿನಲ್ಲಿ ಸೀಬೋಮ್ ರೌಂಟ್ರಿ ಯಾರ್ಕ್ ನಗರದ ಕಾರ್ಮಿಕರ ಬಗ್ಗೆ 1901ರಲ್ಲಿ ಪ್ರಕಟಿಸಿದ ಪುಸ್ತಕ ನನಗೆ ಈ ಸಾಲಿನಲ್ಲಿ ಹೆಚ್ಚು ಇಷ್ಟ. ದೇಹ ದುಡಿಯಲು ಬೇಕಾದ ಕನಿಷ್ಠ ಆಹಾರಕ್ಕೆ, ಬಾಡಿಗೆಗೆ, ಬಟ್ಟೆಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ, ಆಮೇಲೆ ಆ ಲೆಕ್ಕದ ಒಳಗೆ ಬದುಕುವುದೆಂದರೆ ಏನು ಎಂದು ಆತ ಬಿಡಿಸಿ ಹೇಳುತ್ತಾನೆ: ರೈಲಿಗೆ ಕಾಸು ಕೊಡುವ ಹಾಗಿಲ್ಲ, ಪತ್ರಿಕೆ ಕೊಳ್ಳುವ ಹಾಗಿಲ್ಲ, ದೂರ ಇರುವ ಮಕ್ಕಳಿಗೆ ಕಾಗದ ಬರೆಯುವ ಹಾಗಿಲ್ಲ, ಏಕೆಂದರೆ ಅಂಚೆಗೆ ದುಡ್ಡಿಲ್ಲ. ತನ್ನ ರೇಖೆ ಎಷ್ಟು ನಿರ್ದಯ ಎಂದು ಆತನೇ ತೋರಿಸಿದ್ದ. ನಮ್ಮಲ್ಲಿ 1979ರಲ್ಲಿ ಹಳ್ಳಿಗೆ ದಿನಕ್ಕೆ 2400, ಪಟ್ಟಣಕ್ಕೆ 2100 ಕ್ಯಾಲೊರಿ ಎಂದು ಇಟ್ಟುಕೊಂಡು ಬಡತನದ ರೇಖೆ ಎಳೆದರು. 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಪಟ್ಟಣಕ್ಕೆ ದಿನಕ್ಕೆ 32 ರೂಪಾಯಿ, ಹಳ್ಳಿಗೆ 26 ಎಂದು ಬರೆದುಕೊಟ್ಟಾಗ ಎದ್ದ ಗದ್ದಲ ನಿಮಗೂ ನೆನಪಿರಬಹುದು. ಆ 32ರಲ್ಲಿ ಊರಿಗೆ ಫೋನು ಮಾಡುವ ರೀಚಾರ್ಜ್ ಎಲ್ಲಿ ಎಂದು ಆ ಕಾಗದ ಹೇಳಲಿಲ್ಲ.

ಆ ಮನೆಯಲ್ಲಿ ರೀಚಾರ್ಜ್ ಇತ್ತು. ರಾತ್ರಿ ಊಟ ಇಲ್ಲದ ವಾರದಲ್ಲೂ ಇತ್ತು. ಮಗುವಿನ ಕೈಯಲ್ಲಿ ಐದು ರೂಪಾಯಿಯ ಕುರುಕುರೆ ಪೊಟ್ಟಣವೂ ಇತ್ತು. ನಮ್ಮ ತಂಡದಲ್ಲೇ ಇದರ ಬಗ್ಗೆ ಮಾತಾಯಿತು. 'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ' ಎಂಬ ಗಾದೆಯನ್ನು ನಾನೇ ಅವರಿಗೆ ಅನುವಾದಿಸಿ ಹೇಳಿ ನಗಿಸಿದ್ದೆ, ನಾಚಿಕೆಯ ವಿಷಯ. ಅದು ಹೊಟ್ಟೆ ತುಂಬಿದವರು ಕಟ್ಟಿದ ಗಾದೆ ಎಂದು ಈಗ ಅನಿಸುತ್ತದೆ. ಜಾರ್ಜ್ ಆರ್ವೆಲ್ 1937ರಲ್ಲೇ ಉತ್ತರ ಇಂಗ್ಲೆಂಡಿನ ನಿರುದ್ಯೋಗಿಗಳ ಬಗ್ಗೆ ಬರೆಯುತ್ತ ಇದನ್ನು ಹೇಳಿದ್ದ: ದುಡ್ಡು ಕಡಿಮೆ ಇದ್ದಷ್ಟೂ ಸಪ್ಪೆಯ, ಪುಷ್ಟಿಕರವಾದ ಊಟಕ್ಕೆ ಮನಸ್ಸು ಒಗ್ಗುವುದಿಲ್ಲ, ನಾಲಿಗೆಗೆ ಏನಾದರೂ ಒಂದಿಷ್ಟು ರುಚಿಯಾದದ್ದು ಬೇಕು. ಇದಕ್ಕೆ ಆರ್ವೆಲ್ಲೂ ಬೇಕಿಲ್ಲ. ಆಫೀಸಿನಲ್ಲಿ ಕೆಟ್ಟ ದಿನ ಕಳೆದು ರಾತ್ರಿ ಹನ್ನೊಂದಕ್ಕೆ ನಾವು ಫೋನು ತೆಗೆದು ಏನು ತರಿಸಿಕೊಳ್ಳುತ್ತೇವೆ? ಮೊಳಕೆ ಕಾಳಲ್ಲ.

ನಮ್ಮ ಊಟವನ್ನೂ ಬರೆದುಕೊಳ್ಳುವವರಿದ್ದಾರೆ. ಯಾವ ರಾತ್ರಿ ಎಷ್ಟು ಗಂಟೆಗೆ ಯಾವ ಬಿರಿಯಾನಿ ಎಂದು ಜೊಮ್ಯಾಟೊಗೆ ನಮಗಿಂತ ಚೆನ್ನಾಗಿ ನೆನಪಿದೆ. ಆದರೆ ಅದು ಮುಖ ನೋಡಿ 'ಮತ್ತೇನಾದರೂ?' ಎಂದು ಕೇಳುವುದಿಲ್ಲ. ಕೈಯಲ್ಲಿ ಬಟ್ಟಲು ಹಿಡಿದ ಒಬ್ಬರು ನಮ್ಮ ಸೊಸೈಟಿಗೆ ಬಂದರೆ ಗೇಟಿನ ವಾಚ್‌ಮನ್ ದಾಟಿ ಮೇಲೆ ಬರಲಾರರು. ಸಮೀಕ್ಷೆ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ ಇದು, ಉಳ್ಳವರ ಮನೆಯ ಒಳಗೆ ಹೋಗುವುದೇ ಕಷ್ಟ. ಬಡವರ ಅಡುಗೆಮನೆ ಹೆಚ್ಚು ಅಧ್ಯಯನಕ್ಕೆ ಸಿಗುವುದು ಅದಕ್ಕೆ ಬಾಗಿಲಿಲ್ಲ ಎಂಬ ಕಾರಣಕ್ಕೂ ಹೌದು.

ಹಾಗಾದರೆ ಕೇಳಲೇಬಾರದೇ? ಇದನ್ನು ಒಬ್ಬ ಗೆಳತಿಯ ಜೊತೆ ಜಗಳವಾಡುವಷ್ಟು ಮಾತಾಡಿದ್ದೇನೆ. ಆಕೆ ಇದೇ ಕ್ಷೇತ್ರದಲ್ಲಿ ನನಗಿಂತ ಹೆಚ್ಚು ವರ್ಷ ದುಡಿದವಳು. ಆಕೆಯ ಮಾತು ಕಟುವಾಗಿತ್ತು. ನೀನು ಮರುಕಪಟ್ಟು 'ಒಪ್ಪತ್ತು' ಎಂದು ಬರೆದುಕೊಂಡೆ ಎಂದಿಟ್ಟುಕೋ, ಆ ರಾತ್ರಿಯ ಹಸಿವು ದೇಶದ ಲೆಕ್ಕದಿಂದ ಅಳಿಸಿಹೋಯಿತು. ಯಾರಿಗೆ ಅನುಕೂಲ? ಹಸಿವೇ ಇಲ್ಲ ಎನ್ನುವವರಿಗೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಲು ಶುರುಮಾಡಿದರಲ್ಲ, ಅದು ಯಾರದೋ ಕರುಣೆಯಿಂದ ಬಂದದ್ದೇ? ಅಲ್ಲಿನ ಮಕ್ಕಳ ಅಪೌಷ್ಟಿಕತೆಯ, ರಕ್ತಹೀನತೆಯ ಅಂಕಿಗಳು ಕಣ್ಣಿಗೆ ರಾಚುವಂತೆ ಇದ್ದದ್ದರಿಂದ ಬಂತು. ಮಠಾಧೀಶರ ವಿರೋಧ ಎದ್ದಾಗಲೂ ಅದು ನಿಂತದ್ದು, ಮರುವರ್ಷ ರಾಜ್ಯದ ಉಳಿದ ಕಡೆಗೂ ಹೋದದ್ದು, ಆ ಅಂಕಿಗಳ ಬಲದಿಂದಲೂ ಹೌದು. ಯಾರೋ ಯಾವುದೋ ಮನೆಯಲ್ಲಿ ಕೂತು ನಿನ್ನಂತೆ ಮುಜುಗರಪಡದೆ ಕೇಳಿದ್ದರಿಂದ.

ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅಂಕಿಗಾಗಿ ಕೇಳುವುದು ಬೇರೆ, ಕೇಳಿ ಸಿಕ್ಕಿಸುವುದು ಬೇರೆ. ರಾತ್ರಿ ಊಟವಿಲ್ಲ ಎಂಬುದು ನನಗೆ ಒಪ್ಪತ್ತು ಎಂದಾಗಲೇ ತಿಳಿದಿತ್ತು. ಸೊನ್ನೆ ಬರೆದು ಸುಮ್ಮನಿರಬಹುದಿತ್ತು. ಕಾರಣದ ಕೋಷ್ಟಕ ತುಂಬುವ ಆಸೆಗೆ, ಸ್ವಲ್ಪ ಜಾಣತನ ತೋರಿಸುವ ಆಸೆಗೂ, ದೇವರ ಹೆಸರು ಕೇಳಿದೆ. ಲೋಕಕ್ಕೆ ಬೇಕಾದ್ದು ಆ ಸೊನ್ನೆ. ಅದಕ್ಕಿಂತ ಹೆಚ್ಚಿನದನ್ನು ತೆಗೆದುಕೊಂಡದ್ದು ನಾನು.

ಹನ್ನೊಂದು ದಿನ ಬಿಟ್ಟು ಎರಡನೆಯ ಸಲ ಹೋದೆ. ಬರುವ ದಿನ ಮೊದಲೇ ತಿಳಿಸಿದ್ದೆವು. ಈ ಸಲ ಮುಕಾದಮ ಇರಲಿಲ್ಲ. ಆಕೆ ನಗುತ್ತ, 'ಬರ್ರೀ ಅಕ್ಕಾರ, ಕೂಡ್ರಿ' ಅಂದಳು. ಫಾರ್ಮು ತೆಗೆಯುವ ಮುಂಚೆಯೇ ತಾನೇ ಕೇಳಿದಳು: 'ನೀವ್ ಯಾವ ಪೈಕಿ ರೀ?'

ನಮ್ಮ ಕಡೆಯ ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಜಾತಿ ಕೇಳುವ ಬಗೆ ಅದು. ನಾನು ನಕ್ಕು, 'ಧಾರವಾಡದ ಕಡೀಯವ್ರ್ರಿ' ಎಂದು ಊರು ಹೇಳಿದೆ. ಆಕೆ ಒಂದು ಗಳಿಗೆ ಕಾದಳು, ಮತ್ತೆ ಕೆದಕಲಿಲ್ಲ. ಉತ್ತರ ಕೊಡದಿರುವ ಹಕ್ಕನ್ನು ಆ ಮನೆಯಲ್ಲಿ ಬಳಸಿದವಳು ನಾನೊಬ್ಬಳೇ.

ನಿನ್ನೆಯ ಊಟ ಕೇಳಿದೆ. ಬೆಳಿಗ್ಗೆ ಚಹಾ, ಹಾಲು ಹಾಕಿದ್ದು. ಮಧ್ಯಾಹ್ನ ರೊಟ್ಟಿ, ಬೇಳೆ. ರಾತ್ರಿ ಅನ್ನ, ತತ್ತಿ ಸಾರು. ಫಾರ್ಮಿನಲ್ಲಿ ಮೊಟ್ಟೆ ಎಂದಿತ್ತು, ನಮ್ಮ ಕಡೆ ತತ್ತಿ. ಎಷ್ಟು ತತ್ತಿ ಎಂದರೆ, ಐದು ತಂದಿದ್ದೆ ಅಂದಳು. ಬಾಗಿಲಲ್ಲಿ ಕೂತಿದ್ದ ದೊಡ್ಡ ಮಗ, ಏಳೆಂಟು ವರ್ಷದವನು, ಮಾತಿಗೆ ಕೂಡಿಕೊಂಡ: 'ಊರಾಗಿನ ಸಾಲ್ಯಾಗ ತತ್ತಿ ಕೊಡ್ತಿದ್ರು. ಇಲ್ಲಿ ಅವ್ವ ನಿನ್ನೆ ಉದ್ರಿ ತಂದಾಳ.' ತಾಯಿ ಅವನಿಗೆ ಗದರಲಿಲ್ಲ. 'ನೀವು ನಿನ್ನಿದ ಕೇಳ್ತೀರಲ್ರಿ, ಅದಕ್ಕ ನಿನ್ನೇನ ಮಾಡೀನ್ರಿ,' ಅಂದಳು. ಮೋಸ ಮಾಡಿದವರ ದನಿ ಅಲ್ಲ ಅದು. ಪರೀಕ್ಷೆಗೆ ಯಾವ ಪಾಠ ಬರುತ್ತದೆ ಎಂದು ತಿಳಿದು ಓದಿಕೊಂಡು ಬಂದ ಹುಡುಗಿಯ ದನಿ.

ನಮಗೆ ಎರಡು ದಿನ ತರಬೇತಿ ಕೊಟ್ಟು ಕಲಿಸಿದ ವಿಧಾನವನ್ನು ಆಕೆ ಒಂದೇ ಭೇಟಿಯಲ್ಲಿ ಅರ್ಥ ಮಾಡಿಕೊಂಡಿದ್ದಳು. ಈಗ ಆಕೆ ಹೇಳಿದ ಒಂದೊಂದು ಮಾತೂ ನಿಜ. ನಿನ್ನೆ ರಾತ್ರಿ ಆ ಮನೆಯಲ್ಲಿ ನಿಜವಾಗಿಯೂ ತತ್ತಿ ಬೆಂದಿತ್ತು. ಮೊದಲ ದಿನದ 'ಸುಳ್ಳಿ'ಗಿಂತ ಈ ದಿನದ ನಿಜ ಆ ಮನೆಯ ಬಗ್ಗೆ ಕಡಿಮೆ ಹೇಳುತ್ತಿತ್ತು. ಅಂಗಡಿಯವನ ಉದ್ರಿ ಪುಸ್ತಕದಲ್ಲಿ ಐದು ತತ್ತಿ ಹತ್ತಿದ್ದು ನನ್ನ ಬುಧವಾರದ ಪ್ರಶ್ನೆಯ ಬೆಲೆ.

ತತ್ತಿ ಯಾರು ಯಾರು ಉಂಡರು ಎಂದು ಬಿಡಿಸಿ ಕೇಳಬೇಕಿತ್ತು. ಗಂಡ ಒಂದು, ಮೈದುನ ಒಂದು, ಮಕ್ಕಳಿಗೆ ಒಂದೊಂದು. 'ನೀವು?'

'ನನಗ ತತ್ತಿ ಸೇರೂದಿಲ್ರಿ.'

ಹಾಗನ್ನುತ್ತಲೇ ಎದ್ದು ಹೋಗಿ ಒಂದು ತಾಟಿನಲ್ಲಿ ರೊಟ್ಟಿ, ಮೇಲೆ ಆ ಐದನೆಯ ತತ್ತಿಯ ಸಾರು ಹಾಕಿಕೊಂಡು ಬಂದು ನನ್ನ ಮುಂದೆ ಇಟ್ಟಳು. ಮಾದರಿಯ ಮನೆಯಲ್ಲಿ ಏನನ್ನೂ ತಿನ್ನಬಾರದು ಎಂಬುದು ನಮ್ಮ ನಿಯಮ. ಒಳ್ಳೆಯ ನಿಯಮವೇ, ಉಣ್ಣಲು ಕೊರತೆ ಇರುವ ಮನೆಯಲ್ಲಿ ನಾವು ಕೂತು ಉಂಡರೆ ಹೇಗೆ? ನಾನು ಹಿಂಜರಿದೆ. ಏನೋ ಕಾರಣ ಹೇಳಲು ಬಾಯಿ ತೆರೆದೆ.

'ನಮ್ಮನ್ಯಾಗ ಉಣ್ಣೂದಿಲ್ಲೇನ್ರಿ?' ಅಂದಳು.

ಕೊರಳಿನಲ್ಲಿ ನೇತಾಡುತ್ತಿದ್ದ ಐಡಿ ಕಾರ್ಡಿನ ಮೇಲೆ ನನ್ನ ಅಡ್ಡಹೆಸರು ಇತ್ತು. ಆಕೆಗೆ ಓದು ಬರದು, ಆದರೆ ಮುಕಾದಮನಿಗೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸುತ್ತಿರಲಿಲ್ಲ, ನಾನು ಕಲಿತದ್ದು ಇಲ್ಲಿನ ಹಾಸ್ಟೆಲಿನಲ್ಲಿ. ನಮ್ಮ ಅಜ್ಜಿ ಆ ಮನೆಯ ನೀರೂ ಕುಡಿಯುತ್ತಿರಲಿಲ್ಲ. ಸಂಶೋಧನೆಯ ನಿಯಮ ಎಂದು ನಾನು ಹೇಳಿದ್ದರೂ ಆಕೆಯ ಕಿವಿಗೆ ಅದು ನನ್ನ ಅಜ್ಜಿಯ ಮಾತಾಗಿಯೇ ಬೀಳುತ್ತಿತ್ತು, ಮತ್ತು ಹಾಗೆ ಬೀಳಲು ಆಕೆಯ ಬಳಿ ತಲೆಮಾರುಗಳ ಕಾರಣವಿತ್ತು.

ಉಂಡೆ. ಸಾರು ಖಾರವಾಗಿತ್ತು, ಚೆನ್ನಾಗಿತ್ತು. ಆಕೆ ಎದುರಿಗೆ ಕೂತು ನಾನು ಉಣ್ಣುವುದನ್ನೇ ನೋಡುತ್ತಿದ್ದಳು, ಮೊದಲ ದಿನ ನಾನು ಆಕೆಯ ಪಾತ್ರೆಗಳನ್ನು ನೋಡಿದ ಹಾಗೆ. ಸಣ್ಣ ಮಗು ತಾಟಿನ ಹತ್ತಿರ ಬಂದಿತು. ತತ್ತಿಯ ಒಂದು ತುಂಡು ಅದರ ಬಾಯಿಗೆ ಇಡಲು ಹೋದರೆ ಆಕೆ ಮಗುವಿನ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡಳು.

ಕೈ ತೊಳೆದು ಬಂದು ಫಾರ್ಮು ಪೂರ್ತಿ ಮಾಡಿದೆ. ನಮ್ಮ ಫಾರ್ಮಿನ ಕೊನೆಯ ಪುಟದಲ್ಲಿ ಮನೆಯವರಲ್ಲದವರು ಉಂಡ ಊಟಕ್ಕೆ ಒಂದು ಕೋಷ್ಟಕ ಇರುತ್ತದೆ. ಅದು ಬೇಕಾದದ್ದೇ. ದೊಡ್ಡ ಮನೆಗಳಲ್ಲಿ ಕೆಲಸದವರಿಗೆ ಹಾಕಿದ ಊಟ ಆ ಮನೆಯವರದೇ ಹೊಟ್ಟೆಗೆ ಹೋದಂತೆ ಲೆಕ್ಕಕ್ಕೆ ಸೇರುವುದು, ಉಂಡವರ ಮನೆಯ ಲೆಕ್ಕದಲ್ಲಿ ಅದು ಕಾಣದೇ ಹೋಗುವುದು, ಇಂಥ ಸಮೀಕ್ಷೆಗಳ ಹಳೆಯ ತಲೆನೋವು. ಕೂಲಿಕಾರರ ಶೆಡ್ಡುಗಳಲ್ಲಿ ಆ ಪುಟವನ್ನು ನಾವು ಸಾಮಾನ್ಯವಾಗಿ ಗೆರೆ ಎಳೆದು ಬಿಡುತ್ತಿದ್ದೆವು. ಆ ದಿನ ಅಲ್ಲಿ ಬರೆದೆ: ಅತಿಥಿ ಒಂದು, ರೊಟ್ಟಿ ಒಂದು, ಮೊಟ್ಟೆ ಒಂದು. ಆಕೆಯ ಹೆಸರಿನ ಮುಂದೆ, ಮೊಟ್ಟೆಯ ಸಾಲಿನಲ್ಲಿ, ಸೊನ್ನೆ. ಏಕೆ ಎಂದು ಕಾರಣ ಬರೆಯಲು ಪಕ್ಕದಲ್ಲಿ ಒಂದಿಷ್ಟು ಜಾಗ ಇತ್ತು. ಅದನ್ನು ಖಾಲಿ ಬಿಟ್ಟೆ.